ಮೀನಖಂಡದ ಫುಟ್‌ವಾಲ್

ರಾತ್ರಿ ಎರಡರ ಹೊತ್ತು. ಬೆಳಗಾವಿಯ ಒಂದು ಆಸ್ಪತ್ರೆಯ ಮೂಳೆ ವಾರ್ಡು. ಬಾಗಿಲ ಬದಿಯ ಟ್ಯೂಬ್‌ಲೈಟ್ ಒಂದನ್ನು ಬಿಟ್ಟು ಉಳಿದ ದೀಪಗಳನ್ನೆಲ್ಲ ಆರಿಸಿದ್ದಾರೆ. ಮಂಚದ ಮೇಲೆ ರೋಗಿಗಳು, ಮಂಚದ ಕೆಳಗೆ ಚಾಪೆ ಹಾಸಿಕೊಂಡ ಅವರ ಮನೆಯವರು. ಒಂದು ಮೂಲೆಯಿಂದ ಗೊರಕೆ, ಇನ್ನೊಂದು ಮೂಲೆಯಿಂದ ನರಳಾಟ. ಇವುಗಳ ನಡುವೆ ತಾಳ ತಪ್ಪದ ಒಂದು ಸದ್ದು. ಭುಸ್ಸ್ ಎಂದು ಸಣ್ಣಗೆ ಶುರುವಾಗುತ್ತದೆ, ಹನ್ನೆರಡು ಎಣಿಸುವಷ್ಟರಲ್ಲಿ ಬಿಗಿಯಾಗುತ್ತದೆ, ಆಮೇಲೆ ಉಸ್ಸೆಂದು ಉಸಿರು ಬಿಟ್ಟು ತೆಪ್ಪಗಾಗುತ್ತದೆ. ಹೆಚ್ಚುಕಡಿಮೆ ಒಂದು ನಿಮಿಷ ಮೌನ. ನಿದ್ದೆ ಹತ್ತಬೇಕು ಎನ್ನುವಷ್ಟರಲ್ಲಿ ಮತ್ತೆ ಭುಸ್ಸ್.

ಮೊಣಕಾಲು ಬದಲಿಸಿಕೊಂಡ ನನ್ನ ಮಾವನ ಕಾವಲಿಗೆಂದು ನಾನು ಹೋಗಿದ್ದೆ. ಅವರದು ನಾಲ್ಕನೆಯ ಮಂಚ. ಐದನೆಯದರಲ್ಲಿ ದಡ್ಡಿಯ ಆಯಿ. ಎಪ್ಪತ್ತು ದಾಟಿದ ಜೀವ, ಕೈತುಂಬ ಹಸಿರು ಬಳೆ. ಕೊಟ್ಟಿಗೆಯಲ್ಲಿ ಸಗಣಿ ಬಳಿಯುವಾಗ ಕಾಲು ಜಾರಿ ಚಪ್ಪೆಯ ಹತ್ತಿರ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಒಂದು ದಿನ. ಎರಡೂ ಮೀನಖಂಡಗಳಿಗೆ ನೀಲಿ ಬಣ್ಣದ ಬಟ್ಟೆಯ ಪಟ್ಟಿ ಸುತ್ತಿದ್ದರು. ಅದರೊಳಗೆ ರಬ್ಬರಿನ ಗಾಳಿಚೀಲ, ಚೀಲದಿಂದ ಸಣ್ಣ ನಳಿಗೆ, ನಳಿಗೆಯ ತುದಿಗೆ ಮಂಚದ ಕಾಲ್ಬದಿ ನೇತುಹಾಕಿದ ರೇಡಿಯೋ ಗಾತ್ರದ ಪೆಟ್ಟಿಗೆ. ಸಿಸ್ಟರುಗಳ ಬಾಯಲ್ಲಿ ಅದು ‘ಡಿವಿಟಿ ಪಂಪ್’.

“ತಮ್ಮಾ, ಎಚ್ಚರ ಅದಿ ಏನು?” ಎಂದರು ಆಯಿ. “ಕಾಲಾಗ ಹಾವು ಸುತ್ತಿದಂಗ ಆಗತೈತಿ. ಬಿಗೀತೈತಿ, ಬಿಡತೈತಿ. ಇದು ಬೆಳತನಕ ಹಿಂಗನ?”

“ಹೌದ್ರಿ ಆಯಿ. ರಕ್ತ ಹೆಪ್ಪುಗಟ್ಟಬಾರದಂತ ಹಚ್ಚ್ಯಾರ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಂಪು ಒಂದು ಸುತ್ತು ಬಿಗಿದು ಬಿಟ್ಟಿತು.

“ಹೆಪ್ಪ ಹಾಕಿದ ಗಡಿಗಿ ಅಳ್ಳಾಡಿಸಿದ್ರ ಮಸರ ಕೂಡೂದಿಲ್ಲ” ಎಂದರು. “ಅದಕ ಅಳ್ಳಾಡಸಾಕತ್ತೈತಿ ಅನ್ನು.”

ಡಿವಿಟಿ ಎಂದರೆ ಡೀಪ್ ವೇನ್ ಥ್ರಾಂಬೋಸಿಸ್, ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಅದನ್ನು ತಡೆಯುವ ಉಪಾಯಕ್ಕೆ ವೈದ್ಯರು ಪುಟಗಟ್ಟಲೆ ವಿವರಣೆ ಬರೆದಿದ್ದಾರೆ. ಆಯಿ ಅದನ್ನು ಒಂದು ಗಡಿಗೆಯಲ್ಲಿ ಮುಗಿಸಿದರು.

ಬೆಳಿಗ್ಗೆ ಚಹಾ ಕುಡಿಯುತ್ತ ಅವರ ಮಗ ಊರಿನ ಮಾತು ತೆಗೆದರು. ದಡ್ಡಿ ಹುಕ್ಕೇರಿ ತಾಲ್ಲೂಕಿನ ಪಶ್ಚಿಮದ ಅಂಚು, ಆಚೆ ಮಹಾರಾಷ್ಟ್ರದ ಚಂದಗಡ, ಗಡಹಿಂಗ್ಲಜ ಸೀಮೆ. ಆಯಿ ಎಂದರೆ ಕನ್ನಡದ ಮನೆಯಲ್ಲಿ ಅಜ್ಜಿ, ಮರಾಠಿಯ ಮನೆಯಲ್ಲಿ ತಾಯಿ. ಮೋಹನಗಾ ದಡ್ಡಿಯ ಭಾವೇಶ್ವರಿಯ ಜಾತ್ರೆಗೆ ಗಡಿಯ ಎರಡೂ ಕಡೆಯ ಜನ ಬರುತ್ತಾರೆ. ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭೆ ಇಲ್ಲಿಗೆ ಬಂದು ನಿಧಾನವಾಗುತ್ತದೆ. ಕೆಳಗೆ ಹಿಡಕಲ್ಲಿನಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ್ದಾರೆ: ರಾಜಾ ಲಖಮಗೌಡ ಜಲಾಶಯ, ತುಂಬಿದಾಗ 51 ಟಿಎಂಸಿ, ಮಟ್ಟ 2175 ಅಡಿ. ಮುಂದೆ ಗೋಕಾಕದಲ್ಲಿ 170 ಅಡಿ ಧುಮುಕುವ ಹೊಳೆಯೇ ಇದು. ಆದರೆ ಹಿನ್ನೀರಿನ ಬದಿ ನಿಂತು ನೋಡಿದವರಿಗೆ ಹೊಳೆ ಎನಿಸುವುದಿಲ್ಲ, ಕೆರೆ ಎನಿಸುತ್ತದೆ. ನೀರು ನಿಧಾನವಾದಲ್ಲಿ ಹೂಳು ಕೂರುತ್ತದೆ. ಹೊಳೆ ಎಷ್ಟು ನೀರು ತಂದಿತು ಎಂದು ಅಳೆಯಲು ಕೇಂದ್ರ ಜಲ ಆಯೋಗದವರು ದಡ್ಡಿಯಲ್ಲಿ ಮಾಪನ ಕೇಂದ್ರವನ್ನೂ ಇಟ್ಟಿದ್ದಾರೆ.

ಹಿನ್ನೀರಿನ ರೈತನಿಗೆ ವರ್ಷವಿಡೀ ಪೈಪಿನದೇ ಕೆಲಸ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಪೈಪು ಮುಂದೆ ಹೋಗಬೇಕು, ಮಳೆಗಾಲದಲ್ಲಿ ನೀರು ಏರಿದಂತೆ ಮೋಟಾರು ಹೊತ್ತು ಮೇಲೆ ಬರಬೇಕು. ಪೈಪಿನ ಬುಡದಲ್ಲಿ, ನೀರಿನೊಳಗೆ, ಫುಟ್‌ವಾಲ್ ಇರುತ್ತದೆ. ನೀರು ಮೇಲೆ ಹೋಗುವಾಗ ಅದರ ಬಾಯಿ ತೆರೆಯುತ್ತದೆ, ಮೋಟಾರು ನಿಂತಾಗ ಮುಚ್ಚುತ್ತದೆ. ಅದರಲ್ಲೊಂದು ಕಸಕಡ್ಡಿ ಸಿಕ್ಕಿಕೊಂಡರೆ ಪೈಪಿನಲ್ಲಿದ್ದ ನೀರೆಲ್ಲ ಹೊಳೆಗೆ ಮರಳುತ್ತದೆ. ಬೆಳಿಗ್ಗೆ ಕರೆಂಟು ಬಂದು ಮೋಟಾರು ಎಷ್ಟು ಗುರುಗುಟ್ಟಿದರೂ ನೀರು ಬರುವುದಿಲ್ಲ.

“ಕಾಲಾಗೂ ಅಂಥಾವು ಇರತಾವ್ರಿ” ಎಂದೆ. ಅವರು ನನ್ನನ್ನೂ ತಮ್ಮ ಕಾಲನ್ನೂ ನೋಡಿದರು.

ಇವೆ. ಕಾಲಿನ ಅಭಿಧಮನಿಗಳ ಉದ್ದಕ್ಕೂ ಒಂದರ ಮೇಲೊಂದು ಕವಾಟಗಳಿವೆ. ಇಟಲಿಯ ಪಡುವಾದ ಫಾಬ್ರಿಸಿಯಸ್ ಅವುಗಳ ಚಿತ್ರ ಬರೆದು 1603ರಲ್ಲಿ ಪುಸ್ತಕ ಮಾಡಿದ. ಅವು ರಕ್ತವನ್ನು ಒಂದೇ ದಿಕ್ಕಿಗೆ, ಹೃದಯದ ಕಡೆಗೆ ಮಾತ್ರ ಬಿಡುತ್ತವೆ ಎಂದು 1628ರಲ್ಲಿ ತೋರಿಸಿಕೊಟ್ಟವನು ಅವನ ಶಿಷ್ಯ ವಿಲಿಯಂ ಹಾರ್ವೆ. ಇವು ಫುಟ್‌ವಾಲ್‌ಗಳಾದರೆ ಮೋಟಾರು ಯಾವುದು? ಮೀನಖಂಡ. ಹೆಜ್ಜೆ ಇಟ್ಟಾಗ ಆ ಸ್ನಾಯು ಬಿಗಿದು ಒಳಗಿನ ರಕ್ತನಾಳವನ್ನು ಹಿಂಡುತ್ತದೆ, ರಕ್ತ ಮೇಲೆ ಚಿಮ್ಮುತ್ತದೆ. ಸಡಿಲಾದಾಗ ಕವಾಟ ಮುಚ್ಚಿ, ಕೆಳಗಿನಿಂದ ಹೊಸ ರಕ್ತ ತುಂಬಿಕೊಳ್ಳುತ್ತದೆ. ಸುಮ್ಮನೆ ನಿಂತವರ ಹರಡಿನ ಬಳಿ ಅಭಿಧಮನಿಯ ಒತ್ತಡ ಸುಮಾರು 90 ಮಿ.ಮೀ. ಪಾದರಸ. ಅದೇ ಮನುಷ್ಯ ಹತ್ತಾರು ಹೆಜ್ಜೆ ನಡೆದರೆ ಅದು 20–30ಕ್ಕೆ ಇಳಿಯುತ್ತದೆ. ನಡೆಯುವವನ ಕಾಲು ತನ್ನ ನೀರನ್ನು ತಾನೇ ಎತ್ತಿ ಹಾಕುತ್ತದೆ.

ಚಪ್ಪೆ ಮುರಿದು ಮಲಗಿದವರಿಗೆ ಈ ಮೋಟಾರು ಬಂದ್. ಆಗ ಕಾಲು ದಡ್ಡಿಯ ಹಿನ್ನೀರಿನಂತಾಗುತ್ತದೆ. ಹೂಳು ಮೊದಲು ಕೂರುವುದು ಕವಾಟದ ಹಿಂದಿನ ಮೂಲೆಯಲ್ಲಿ, ನೀರು ಸುಳಿ ತಿರುಗಿ ನಿಲ್ಲುವ ಆ ಸಣ್ಣ ಜೇಬಿನಲ್ಲಿ. ಜರ್ಮನಿಯ ರುಡಾಲ್ಫ್ ವಿರ್ಕೋ 1856ರಲ್ಲಿ ಪ್ರಕಟಿಸಿದ ಬರಹಗಳ ಆಧಾರದ ಮೇಲೆ ವೈದ್ಯರು ಇಂದಿಗೂ ಮೂರು ಕಾರಣ ಹೇಳುತ್ತಾರೆ: ರಕ್ತ ನಿಲ್ಲುವುದು, ನಾಳದ ಒಳಗೋಡೆಗೆ ಗಾಯವಾಗುವುದು, ರಕ್ತವೇ ಬೇಗ ಹೆಪ್ಪಾಗುವ ಗುಣ ಪಡೆಯುವುದು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹಿರಿಯರಲ್ಲಿ ಮೂರೂ ಒಟ್ಟಿಗೆ ಕೂಡಿಬರುತ್ತವೆ. ಹೀಗೆ ಕಟ್ಟಿದ ರಕ್ತದ ಹೆಪ್ಪು, ಅಂದರೆ ಗರಣೆ, ಅಲ್ಲೇ ಇದ್ದರೆ ಕಾಲು ಬಾತು ನೋಯುತ್ತದೆ. ಕಳಚಿಕೊಂಡರೆ ತೊಡೆ, ಹೊಟ್ಟೆ, ಹೃದಯ ದಾಟಿ ಶ್ವಾಸಕೋಶದ ನಾಳಕ್ಕೆ ಬೂಚು ಹಾಕುತ್ತದೆ. “ನಿನ್ನೆ ಚಲೋ ಇದ್ರು, ಸಂಡಾಸಕ್ಕೆಂದು ಎದ್ದವರು ಅಲ್ಲೇ ಕುಸಿದ್ರು” ಎಂದು ಊರಿನಲ್ಲಿ ಹೇಳುವ ಸಾವುಗಳಲ್ಲಿ ಕೆಲವು ಇವೇ. ಜನ ಅದನ್ನು ಹಾರ್ಟ್ ಅಟ್ಯಾಕ್ ಲೆಕ್ಕಕ್ಕೆ ಬರೆದು ಮುಗಿಸುತ್ತಾರೆ.

ಇದಕ್ಕೆ ಆಪರೇಷನ್ನೇ ಆಗಬೇಕೆಂದಿಲ್ಲ. 1940ರಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ನೆಲಮಾಳಿಗೆಯ ಆಶ್ರಯಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ರಾತ್ರಿಯಿಡೀ ಕೂತಿರುತ್ತಿದ್ದರು. ಹಾಗೆ ಕೂತವರಲ್ಲಿ ಶ್ವಾಸಕೋಶದ ಗರಣೆಯ ಸಾವು ಹೆಚ್ಚಾದುದನ್ನು ಕೀತ್ ಸಿಂಪ್ಸನ್ ಎಂಬ ಶವಪರೀಕ್ಷಾ ತಜ್ಞ ಅದೇ ವರ್ಷ ಬರೆದ. ಕುರ್ಚಿಯ ಮುಂಭಾಗದ ಅಡ್ಡಪಟ್ಟಿ ತೊಡೆಯ ಹಿಂಬದಿಯನ್ನು ಒತ್ತಿ ರಕ್ತ ನಿಲ್ಲಿಸುತ್ತಿತ್ತು. ಬಾಂಬಿನಿಂದ ಪಾರಾದವರು ಕುರ್ಚಿಯಿಂದ ಸತ್ತರು.

ಹನ್ನೊಂದು ಗಂಟೆಗೆ ವೈದ್ಯರ ರೌಂಡ್ಸ್ ಮುಗಿದ ಮೇಲೆ ನಾನು ವಾರ್ಡು ಸುತ್ತಿದೆ. ಆಸ್ಪತ್ರೆಯವರು ಒಂದೊಂದು ಕಾಲಕ್ಕೆ ಒಂದೊಂದು ಕಂಪನಿಯ ಪಂಪು ಕೊಂಡಿದ್ದರಿಂದ, ಮೂರು ಮಂಚಗಳಲ್ಲಿ ಮೂರು ತರಹದವು ಸಿಕ್ಕವು.

ಆಯಿಯದು ಎಲ್ಲಕ್ಕಿಂತ ಸರಳ. ಒಂದು ಕಾಲಿಗೆ ಒಂದೇ ಚೀಲ, ಮೀನಖಂಡಕ್ಕೆ ಮಾತ್ರ. ಒತ್ತಡ ಸುಮಾರು 40 ಮಿ.ಮೀ. ಪಾದರಸ. ಬಿ.ಪಿ. ನೋಡುವಾಗ ತೋಳಿನ ಪಟ್ಟಿ ಇದರ ಮೂರು ನಾಲ್ಕು ಪಟ್ಟು ಬಿಗಿಯುತ್ತದೆ ಎಂಬುದನ್ನು ನೆನೆದರೆ ಇದು ಎಷ್ಟು ಮೆದು ಎಂದು ತಿಳಿಯುತ್ತದೆ. 12 ಸೆಕೆಂಡು ತುಂಬುತ್ತದೆ, 48 ಸೆಕೆಂಡು ಬಿಡುತ್ತದೆ.

ಮಾವನದು ಪಾದದ ಮೇಲಿನಿಂದ ತೊಡೆಯವರೆಗೆ ಬರುವ ಉದ್ದನೆಯ ಪಟ್ಟಿ. ಒಳಗೆ ಒಂದರ ಮೇಲೊಂದು ಮೂರು ಕೋಣೆ. ಮೊದಲು ಹರಡಿನ ಬಳಿ ತುಂಬುತ್ತದೆ, ಆಮೇಲೆ ಮೀನಖಂಡ, ಕೊನೆಗೆ ತೊಡೆ. ಒತ್ತಡವೂ ಕೆಳಗಿನಿಂದ ಮೇಲಕ್ಕೆ ಇಳಿಯುತ್ತ ಹೋಗುತ್ತದೆ, ಸುಮಾರು 45, 40, 30. ಹಸುವಿನ ಮೊಲೆಯನ್ನು ಬೆರಳು ಬೆರಳಾಗಿ ಮಡಚಿ ಹಿಂಡುತ್ತಾರಲ್ಲ, ಅದನ್ನು ತಿರುವುಮುರುವು ಮಾಡಿದಂತೆ. ಇದು ‘ಸೀಕ್ವೆನ್ಶಿಯಲ್’ ಪದ್ಧತಿ. ಮಾವನಿಗೆ ಒಂದೇ ತಕರಾರು, ಸೆಕೆ. ತೊಡೆಯವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬೆಳಗಾವಿಯ ಏಪ್ರಿಲ್ಲಿನಲ್ಲಿ ಮಲಗುವುದು ತಮಾಷೆಯಲ್ಲ.

ಏಳನೆಯ ಮಂಚದ ಹುಡುಗ ಬೈಕಿನಿಂದ ಬಿದ್ದವನು. ಮೊಣಕಾಲ ಕೆಳಗೆ ಮೂಳೆಗೆ ಕಬ್ಬಿಣದ ಸಲಾಕೆ ಚುಚ್ಚಿ ಹೊರಗಿನಿಂದ ಚೌಕಟ್ಟು ಕಟ್ಟಿದ್ದರು. ಅಲ್ಲಿ ಪಟ್ಟಿ ಸುತ್ತಲು ಜಾಗವೆಲ್ಲಿ? ಅವನಿಗೆ ಚಪ್ಪಲಿಯಂಥ ಒಂದು ಸಾಧನ, ಅಂಗಾಲಿನ ಗುಳಿಗೆ ಕೂರುವ ಸಣ್ಣ ಚೀಲ. ಇದು ನಿಧಾನ ಬಿಗಿಯುವುದಿಲ್ಲ, ಒದೆಯುತ್ತದೆ. ಸುಮಾರು 130 ಮಿ.ಮೀ. ಒತ್ತಡ ಕ್ಷಣಾರ್ಧದಲ್ಲಿ ಏರಿ, ಒಂದೆರಡು ಸೆಕೆಂಡು ನಿಂತು, ಇಳಿಯುತ್ತದೆ. 20 ಸೆಕೆಂಡಿಗೊಮ್ಮೆ ಇದೇ ಆಟ. ಅಂಗಾಲಿನಲ್ಲೂ ಒಂದು ಪಂಪಿದೆ, ದೇಹದ ಭಾರ ಬಿದ್ದಾಗ ಅದು ಖಾಲಿಯಾಗುತ್ತದೆ ಎಂದು ಗಾರ್ಡ್ನರ್ ಮತ್ತು ಫಾಕ್ಸ್ ಎಂಬ ಇಬ್ಬರು 1983ರಲ್ಲಿ ತೋರಿಸಿದ ಮೇಲೆ ಹುಟ್ಟಿದ ಯಂತ್ರ ಇದು. ಹುಡುಗ ಹೇಳಿದ: “ಮೊದಲ ರಾತ್ರಿ ಯಾರೋ ಕಾಲ ಕೆಳಗ ಬಡದಂಗ ಆತ್ರಿ. ಈಗ ರೂಢಿ ಆಗೇತಿ.”

ಮತ್ತೊಂದು ಬಗೆಯನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಅಮೆರಿಕದಲ್ಲಿರುವ ಗೆಳೆಯನೊಬ್ಬನ ತಾಯಿಗೆ ಅಲ್ಲಿ ಸೊಂಟದ ಕೀಲು ಬದಲಿಸಿದಾಗ ಬ್ಯಾಟರಿಯ ಪಂಪು ಕೊಟ್ಟು ಮನೆಗೆ ಕಳಿಸಿದ್ದರು. ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಅಡಿಗೆಮನೆಯಲ್ಲಿ ಓಡಾಡಬಹುದು. ಎಷ್ಟು ತಾಸು ಹಾಕಿಕೊಂಡಿರಿ ಎಂಬುದನ್ನು ಅದೇ ಬರೆದಿಟ್ಟುಕೊಳ್ಳುತ್ತದೆ. “ಸೊಸೆಗಿಂತ ಅದಕ್ಕೇ ಹೆಚ್ಚು ಹೆದರಿದೆ” ಎಂದು ಆಕೆ ಫೋನಿನಲ್ಲಿ ನಕ್ಕಿದ್ದರಂತೆ.

ಸರಿ, ಯಾವುದು ಒಳ್ಳೆಯದು? ಈ ಜಗಳಕ್ಕೆ ಅರ್ಧ ಶತಮಾನ ದಾಟಿದೆ. 1970ರಲ್ಲಿ ಲಂಡನ್ನಿನ ಕಾಲ್ನನ್, ಫ್ಲೂಗ್, ಮಿಲ್ಸ್ ಮೀನಖಂಡದ ಪಂಪನ್ನು ಅನುಕರಿಸುವ ಗಾಳಿಯ ಕಾಲುಪಟ್ಟಿಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪರಿಚಯಿಸಿದರು. ಹತ್ತು ವರ್ಷದ ನಂತರ ನಿಕೊಲೈಡಿಸ್ ಮತ್ತು ಸಂಗಡಿಗರು ಒಂದು ಕೋಣೆಯ ಪಟ್ಟಿಯನ್ನೂ ಸರತಿಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಅಳೆದರು. ತೊಡೆಯ ಅಭಿಧಮನಿಯಲ್ಲಿ ರಕ್ತದ ವೇಗ ಒಂದು ಕೋಣೆಯದರಿಂದ 180 ಪ್ರತಿಶತ ಹೆಚ್ಚಿದರೆ, ಸರತಿಯದರಿಂದ 240 ಪ್ರತಿಶತ ಹೆಚ್ಚಿತು. ಅಂದಿನಿಂದ ಕಂಪನಿಗಳು ವೇಗದ ಪಂದ್ಯಕ್ಕೆ ಇಳಿದವು. ನಮ್ಮದು ಬೇಗ ತುಂಬುತ್ತದೆ, ನಮ್ಮದರಲ್ಲಿ ಕೋಣೆ ಹೆಚ್ಚು, ನಮ್ಮದು ತೊಡೆಯವರೆಗೆ.

ನನಗೆ ದಡ್ಡಿಯ ಮಾಪನ ಕೇಂದ್ರ ನೆನಪಾಯಿತು. ಅಲ್ಲಿ ಅಳೆದದ್ದು ಹೊಳೆಯ ಹರಿವು. ಆ ನೀರು ಕೊನೆಯ ಗದ್ದೆಗೆ ಮುಟ್ಟಿತೋ ಇಲ್ಲವೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಹಾಗೆಯೇ ಡಾಪ್ಲರ್ ಸ್ಕ್ಯಾನ್ ತೋರಿಸುವ ರಕ್ತದ ವೇಗ ಬೇರೆ, ಗರಣೆ ಕಟ್ಟದೆ ಇರುವುದು ಬೇರೆ. ಮಾರಿಸ್ ಮತ್ತು ವುಡ್‌ಕಾಕ್ ಎಂಬ ಬ್ರಿಟನ್ನಿನ ಇಬ್ಬರು ತಜ್ಞರು 2004ರಲ್ಲಿ ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಸೋಸಿ ನೋಡಿ, ಗರಣೆ ತಡೆಯುವುದರಲ್ಲಿ ಒಂದು ಬಗೆ ಇನ್ನೊಂದಕ್ಕಿಂತ ಖಚಿತವಾಗಿ ಮೇಲೆಂದು ಹೇಳಲು ಪುರಾವೆ ಸಾಲದು ಎಂದರು. ಪಂಪು ಕೇವಲ ಹಿಂಡುವುದಿಲ್ಲ ಎಂಬ ಗುಮಾನಿಯೂ ಹಳೆಯದು. 1976ರಲ್ಲಿ ನೈಟ್ ಮತ್ತು ಡಾಸನ್ ಪಟ್ಟಿಯನ್ನು ಕಾಲಿಗೆ ಬದಲು ತೋಳಿಗೆ ಕಟ್ಟಿದರು. ಕಾಲಿನ ಗರಣೆ ಕಡಿಮೆಯಾಯಿತು! ಹಿಂಡಿದಾಗ ರಕ್ತನಾಳದ ಗೋಡೆಯಿಂದ ಹೆಪ್ಪು ಕರಗಿಸುವ ವಸ್ತುಗಳೂ ರಕ್ತಕ್ಕೆ ಸೇರುತ್ತವೆ ಎಂಬ ವಿವರಣೆ ಬಂದದ್ದು ಹೀಗೆ. ವೇಗವೇ ಎಲ್ಲವೂ ಆಗಿದ್ದರೆ ತೋಳಿನ ಪಟ್ಟಿ ಕಾಲಿಗೆ ಏನು ಮಾಡೀತು?

ಪಂಪು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಮಾತ್ರ ಸ್ಪಷ್ಟ. ಬ್ರಿಟನ್ನಿನ 94 ಆಸ್ಪತ್ರೆಗಳಲ್ಲಿ ಲಕ್ವಾ ಹೊಡೆದು ಎದ್ದು ನಡೆಯಲಾಗದ 2876 ಜನರ ಮೇಲೆ ನಡೆದ ಕ್ಲಾಟ್ಸ್-3 ಎಂಬ ಪರೀಕ್ಷೆಯ ಫಲ 2013ರಲ್ಲಿ ಬಂತು. ತೊಡೆಯವರೆಗಿನ ಪಂಪು ಹಾಕಿದವರಲ್ಲಿ ಮೊಣಕಾಲ ಮೇಲ್ಭಾಗದ ಗರಣೆ 8.5 ಪ್ರತಿಶತ, ಹಾಕದವರಲ್ಲಿ 12.1. ಅದೇ ತಂಡ 2009ರಲ್ಲಿ ಬಿಗಿಯಾದ ಉದ್ದನೆಯ ಸ್ಟಾಕಿಂಗ್ಸನ್ನು ಪರೀಕ್ಷಿಸಿತ್ತು. ಅಲ್ಲಿ 10.0 ಮತ್ತು 10.5, ಅಂದರೆ ಏನೂ ಪ್ರಯೋಜನವಿಲ್ಲ, ಮೇಲೆ ಚರ್ಮ ಕಿತ್ತುಬಂದದ್ದು ಬೇರೆ. ಲಕ್ವಾದವರಿಗೆ ಸ್ಟಾಕಿಂಗ್ಸ್ ಹಾಕಿ ‘ಎಲ್ಲ ಮಾಡಿದ್ದೇವೆ’ ಎಂದುಕೊಳ್ಳುವುದು ಆ ವರ್ಷದೊಂದಿಗೆ ಮುಗಿಯಬೇಕಿತ್ತು.

ಹಾಗೆಂದು ಪಂಪನ್ನೂ ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಸೌದಿ ಅರೇಬಿಯಾ, ಕೆನಡಾ, ಆಸ್ಟ್ರೇಲಿಯಾ ಮತ್ತು ನಮ್ಮ ಭಾರತದ ಐಸಿಯುಗಳಲ್ಲಿ 2003 ರೋಗಿಗಳ ಮೇಲೆ ನಡೆದ ಪ್ರಿವೆಂಟ್ ಪರೀಕ್ಷೆಯ ವರದಿ 2019ರಲ್ಲಿ ಬಂದಾಗ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಈಗಾಗಲೇ ಪಡೆಯುತ್ತಿದ್ದವರಿಗೆ ಪಂಪು ಸೇರಿಸಿದ್ದರಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ: ಪಂಪು ಸೇರಿಸಿದವರಲ್ಲಿ ಗರಣೆ 3.9 ಪ್ರತಿಶತ, ಸೇರಿಸದವರಲ್ಲಿ 4.2. ಹಾಗಾಗಿ ಪಂಪಿನ ನಿಜವಾದ ಜಾಗ ಎರಡು. ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವದ ಭಯವಿರುವವರು ಮೊದಲನೆಯದು: ಮಿದುಳಿನಲ್ಲಿ ರಕ್ತ ಸೋರಿದವರು, ದೊಡ್ಡ ಗಾಯವಾದವರು, ಬೆನ್ನುಮೂಳೆಯ ಆಪರೇಷನ್ ಆದವರು. ಅಪಾಯ ತೀರ ಹೆಚ್ಚಿರುವ ಸೊಂಟ, ಮೊಣಕಾಲಿನ ಆಪರೇಷನ್‌ಗಳು ಎರಡನೆಯದು. ಅಲ್ಲಿ ಇಂಜೆಕ್ಷನ್ನೂ ಪಂಪೂ ಜೋಡೆತ್ತು. ಗೆಳೆಯನ ತಾಯಿ ಕಟ್ಟಿಕೊಂಡಂಥ ಬ್ಯಾಟರಿ ಪಂಪನ್ನು 2010ರಲ್ಲಿ ಅಮೆರಿಕದಲ್ಲಿ ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಹೆಪಾರಿನ್ ಜಾತಿಯ ಇಂಜೆಕ್ಷನ್ ಎದುರು ಇಟ್ಟು ನೋಡಿದರು. ಗರಣೆ ಎರಡರಲ್ಲೂ ಸುಮಾರು ಅಷ್ಟೇ. ದೊಡ್ಡ ರಕ್ತಸ್ರಾವ ಇಂಜೆಕ್ಷನ್ ಗುಂಪಿನಲ್ಲಿ 6 ಪ್ರತಿಶತ, ಪಂಪಿನ ಗುಂಪಿನಲ್ಲಿ ಒಂದೂ ಇಲ್ಲ.

ಎಲ್ಲ ಕಾಲಿಗೂ ಇದು ಸಲ್ಲುವುದಿಲ್ಲ. ಪಂಪು ಹಚ್ಚುವ ಮೊದಲು ವೈದ್ಯರು ಪಾದದ ಮೇಲೆ ಬೆರಳಿಟ್ಟು ನಾಡಿ ನೋಡುತ್ತಾರೆ. ಹುಕ್ಕೇರಿಯ ಪಕ್ಕದ ನಿಪ್ಪಾಣಿ ಹೊಗೆಸೊಪ್ಪಿನ ಊರು. ಬೀಡಿ ಸೇದಿ ಸೇದಿ ಕಾಲಿನ ಧಮನಿ ಕಟ್ಟಿಕೊಂಡವರ ಕಾಲಿಗೆ ಮೊದಲೇ ರಕ್ತ ಕಡಿಮೆ ಬರುತ್ತಿರುತ್ತದೆ, ಅದನ್ನು ಹಿಂಡಿದರೆ ಕಾಲಿಗೇ ಕುತ್ತು. ಹೃದಯ ಸೋತು ಮೈಯೆಲ್ಲ ನೀರು ತುಂಬಿದವರಿಗೂ ಬೇಡ. ಹುಣ್ಣಿದ್ದಲ್ಲಿ, ಹೊಸದಾಗಿ ಚರ್ಮ ಕಸಿ ಮಾಡಿದಲ್ಲಿ ಬೇಡ. ಗರಣೆ ಆಗಲೇ ಕಟ್ಟಿದೆ ಎಂಬ ಅನುಮಾನವಿದ್ದರಂತೂ ಮೊದಲು ಸ್ಕ್ಯಾನ್, ಆಮೇಲೆ ಮಾತು. ಮನೆಯವರು ಮುದುಕರ ಬಾತ ಕಾಲನ್ನು ಎಣ್ಣೆ ಹಚ್ಚಿ ಗಸಗಸ ತಿಕ್ಕುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಪರೇಷನ್ ಆದವರ ಒಂದೇ ಕಾಲು ಬಾತು ನೋಯುತ್ತಿದ್ದರೆ ಆ ಪ್ರೀತಿಯನ್ನು ಸ್ವಲ್ಪ ತಡೆಹಿಡಿದು ವೈದ್ಯರನ್ನು ಕರೆಯಬೇಕು.

ಎರಡನೆಯ ರಾತ್ರಿ ನನಗೆ ಗಾಢ ನಿದ್ದೆ ಬಂತು. ಬೆಳಗಿನ ಜಾವ ಎಚ್ಚರವಾದಾಗ ಏನೋ ಕಡಿಮೆಯಾದಂತೆ ಅನಿಸಿತು. ಸದ್ದು! ಐದನೆಯ ಮಂಚದ ಪೆಟ್ಟಿಗೆ ಕಣ್ಣು ಮುಚ್ಚಿಕೊಂಡಿತ್ತು. ನಳಿಗೆ ಸರಿಯಾಗಿತ್ತು, ಪಟ್ಟಿ ಸರಿಯಾಗಿತ್ತು. ಗೋಡೆಯ ಬೋರ್ಡಿನಲ್ಲಿ ಪಂಪಿನ ಪ್ಲಗ್ ಇರಬೇಕಾದಲ್ಲಿ ಆಯಿಯ ಮಗನ ಮೊಬೈಲ್ ಚಾರ್ಜರ್ ಇತ್ತು.

ಸಿಸ್ಟರ್ ಬಂದು ನೋಡಿದರು. “ಕಾಕಾ, ಯಾವಾಗ ತಗದ್ರಿ ಇದನ್ನ?”

“ರಾತ್ರಿ ಹತ್ತಕ್ಕರಿ. ಬ್ಯಾಟರಿ ಕೆಂಪ ಆಗಿತ್ತು. ಊರಿಂದ ಫೋನ್ ಬರತಾವು...”

“ಹತ್ತರಿಂದ ಐದು, ಏಳು ತಾಸು ಹೋತು. ದಿನಕ ಹದಿನೆಂಟು ತಾಸು ಹಚ್ಚಬೇಕಿದು. ನಿಮ್ಮ ಫೋನಿಗೆ ಹಾಲ್‌ನ್ಯಾಗ ಬೋರ್ಡ್ ಐತಿ.”

ಸಿಸ್ಟರ್ ಹೇಳಿದ 18 ತಾಸು ಬಾಯಿಗೆ ಬಂದ ಲೆಕ್ಕವಲ್ಲ. ಅಮೆರಿಕದ ಎದೆರೋಗ ತಜ್ಞರ ಸಂಘ 2012ರ ಮಾರ್ಗಸೂಚಿಯಲ್ಲಿ ಮೂಳೆ ಆಪರೇಷನ್ ಆದವರಿಗೆ ಹೇಳಿದ ಗುರಿ ಅದೇ. ನಾನು ಎಷ್ಟು ಓದಿದರೂ ಅಷ್ಟು ಹೊತ್ತಿಗೆ ಅರ್ಥವಾಗದೆ ಉಳಿದಿದ್ದ ವಿಷಯ ಆ ಬೋರ್ಡಿನ ಮುಂದೆ ಅರ್ಥವಾಯಿತು. ಒಂದು ಕೋಣೆ, ಮೂರು ಕೋಣೆ, ಅಂಗಾಲು, ತೊಡೆ, ಈ ಹೋಲಿಕೆಗಳೆಲ್ಲ ಪಂಪು ಓಡುತ್ತಿದೆ ಎಂದುಕೊಂಡು ಮಾಡಿದವು. ವಾರ್ಡಿನಲ್ಲಿ ಪಂಪು ನಿಲ್ಲುವುದಕ್ಕೆ ನೂರು ನೆಪ. ಸಂಡಾಸಕ್ಕೆ ಕರೆದೊಯ್ಯುವಾಗ ಬಿಚ್ಚಿದ್ದನ್ನು ಮತ್ತೆ ಕಟ್ಟಿರುವುದಿಲ್ಲ. ಎಕ್ಸ್‌ರೇಗೆ ಕಳಿಸಿದಾಗ ಪೆಟ್ಟಿಗೆ ಇಲ್ಲೇ ಉಳಿದಿರುತ್ತದೆ. ಸೆಕೆಗೆ ಮಾವ ತಾವೇ ಪಟ್ಟಿ ಸಡಿಲಿಸಿರುತ್ತಾರೆ. ತೀರ್ಪು ಕೊಡುವ ಅಧಿಕಾರ ನನಗಿಲ್ಲ, ಆದರೂ ಕೊಡುತ್ತೇನೆ: ತೆಗೆದು ಬಿಸಾಡಿದ ಮೂರು ಕೋಣೆಯ ಪಟ್ಟಿಗಿಂತ ಕಾಲಿನ ಮೇಲೇ ಉಳಿದ ಒಂದು ಕೋಣೆಯ ಪಟ್ಟಿ ಮೇಲು.

ಆಯಿಯ ಮಗನಿಗೆ ಪೆಚ್ಚಾಯಿತು. ಸ್ವಲ್ಪ ಹೊತ್ತಾದ ಮೇಲೆ ನನ್ನ ಪಕ್ಕ ಕುಳಿತು ಲೆಕ್ಕ ಹಾಕಿದರು. ಹುಕ್ಕೇರಿ ತಾಲ್ಲೂಕಿಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಪಂಪ್‌ಸೆಟ್ಟಿಗೆ ಸಿಗುವ ತ್ರೀಫೇಸ್ ಏಳು ತಾಸಿನದು. ಅದಕ್ಕಾಗಿ ಅವರು ನಡುರಾತ್ರಿ ಬ್ಯಾಟರಿ ಹಿಡಿದು ಹಿನ್ನೀರಿಗೆ ಇಳಿದವರೇ.

“ಹೊಲಕ್ಕ ಏಳು ತಾಸು ಕೊಟ್ರ ಸಾಲೂದಿಲ್ಲಂತ ಬೈತೀನಿ. ಅವ್ವನ ಕಾಲಿಂದು ಏಳು ತಾಸು ನಾನ ಕಿತ್ತೀನಿ ನೋಡ್ರಿ.”

ಈ ಮನುಷ್ಯನನ್ನು ಬೈಯುವ ಮೊದಲು ದೇಶದ ಲೆಕ್ಕ ನೋಡಬೇಕು. 32 ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಎಂಡೋರ್ಸ್ ಎಂಬ ಅಧ್ಯಯನದ ಭಾರತದ ಭಾಗವನ್ನು 2012ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪ್ರಕಟಿಸಿತು. ಗರಣೆಯ ಅಪಾಯವಿದ್ದು ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳಲ್ಲಿ ಶಿಫಾರಸಿನ ಪ್ರಕಾರ ತಡೆ ಸಿಕ್ಕಿದ್ದು ಕೇವಲ 17.4 ಪ್ರತಿಶತ ಜನರಿಗೆ. ಇಂಜೆಕ್ಷನ್ನೋ, ಮಾತ್ರೆಯೋ, ಪಂಪೋ, ಯಾವುದೋ ಒಂದು. ಉಳಿದವರ ಕಾಲಿಗೆ ಕೀಳಲು ಪ್ಲಗ್ಗೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಫಿಜಿಯೋಥೆರಪಿಯ ಹುಡುಗಿ ಬಂದಳು. ಆಯಿಯನ್ನು ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಡಿಸಿ, ಪಾದ ಮೇಲೆ ಕೆಳಗೆ ಆಡಿಸಲು ಹೇಳಿದಳು. “ಹೊಲಿಗಿ ಮಿಶಿನ್ ತುಳದಂಗ ತುಳೀರಿ ಆಯಿ.” ಆಯಿ ತುಳಿದರು. ನೀಲಿ ಪಟ್ಟಿ ಬಿಚ್ಚಿದ ಮೀನಖಂಡ ಬಿಗಿದು ಸಡಿಲಾಗುವುದು ಬರಿಗಣ್ಣಿಗೆ ಕಾಣುತ್ತಿತ್ತು. ಎಪ್ಪತ್ತು ವರ್ಷ ನೀರಿನ ಕೊಡ ಹೊತ್ತು ದಂಡೆ ಏರಿ ಇಳಿದ ಸ್ನಾಯು. ವಾಕರ್ ಹಿಡಿದು ಎದ್ದು ನಿಂತರು. ನಾಲ್ಕು ಹೆಜ್ಜೆ. ಐದನೆಯದಕ್ಕೆ “ಯವ್ವಾ” ಎಂದರು, ಆದರೆ ಇಟ್ಟರು. ವಾರ್ಡಿನ ಎಲ್ಲ ಯಂತ್ರಗಳೂ ಬೆಲೆ ತೆತ್ತು ನಕಲು ಮಾಡಲು ಹವಣಿಸುತ್ತಿದ್ದ ಕೆಲಸ ಅದು.

ಕೂತಾಗ ಪಟ್ಟಿ ಮತ್ತೆ ಕಟ್ಟಿದರು. ನಡೆಯಲು ಶುರುಮಾಡಿದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಸೊಂಟದ ಆಪರೇಷನ್ ಆದವರಿಗೆ ಕನಿಷ್ಠ 10–14 ದಿನ, ಬೇಕಾದರೆ 35 ದಿನದವರೆಗೂ ಇಂಜೆಕ್ಷನ್ ಅಥವಾ ಮಾತ್ರೆ ಮುಂದುವರಿಸುತ್ತಾರೆ. ಆ ಚೀಟಿಯನ್ನು ಮಗ ಎರಡು ಸಲ ಓದಿಸಿಕೊಂಡು ಅಂಗಿಯ ಜೇಬಿನಲ್ಲಿ, ಮೊಬೈಲಿನ ಜೊತೆ ಇಟ್ಟುಕೊಂಡರು.

ಐದನೆಯ ದಿನ ಅವರು ದಡ್ಡಿಗೆ ಹೊರಟರು. ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಆಯಿ ಕಾಲು ಚಾಚಿ ಕುಳಿತಿದ್ದರು, ದಾರಿಯುದ್ದಕ್ಕೂ ಪಾದ ಆಡಿಸುತ್ತಿರಬೇಕೆಂದು ಸಿಸ್ಟರ್ ತಾಕೀತು ಮಾಡಿದ್ದರು. ಐದನೆಯ ಮಂಚಕ್ಕೆ ಸಂಜೆಯೊಳಗೆ ಗೋಕಾಕದ ಕಡೆಯವರೊಬ್ಬರು ಬಂದರು, ತೊಡೆಮೂಳೆ ಮುರಿತ. ಹೊಸ ನೀಲಿ ಪಟ್ಟಿ, ಅದೇ ಪೆಟ್ಟಿಗೆ, ಅದೇ ಭುಸ್ಸ್. ರಾತ್ರಿ ಅವರ ಅಳಿಯ ಫೋನು ಹಿಡಿದು ಗೋಡೆಯ ಬೋರ್ಡಿನ ಕಡೆ ಬಂದರು. ನಾಲ್ಕನೆಯ ಮಂಚದ ಮೇಲಿನಿಂದ ನನ್ನ ಮಾವನೇ ಕೈ ಎತ್ತಿ ಹಾಲ್‌ ಕಡೆ ತೋರಿಸಿದರು.

ನಿಮ್ಮವರ ಮಂಚದ ಕಾಲ್ಬದಿಯಲ್ಲೂ ಎಂದಾದರೂ ಆ ಪೆಟ್ಟಿಗೆ ನೇತಾಡಿದರೆ, ಚಾರ್ಜರಿಗೆ ಬೇರೆ ಬೋರ್ಡು ಹುಡುಕಿಕೊಳ್ಳಿ. ಸದ್ದು ನಿಂತರೆ ಸಿಸ್ಟರನ್ನು ಎಬ್ಬಿಸಿ.